ಹೆಸರುಹಿಟ್ಟಿನ ವಾಸನೆ

ದಾವಣಗೆರೆಯ ಮಂಡಿಪೇಟೆಯಲ್ಲಿ ಬಸವಕಿರಣನದು ಫ್ಯಾನ್ಸಿ ಸ್ಟೋರು. ಕಂಪನಿಯವರು ಕೊಡುವ ಸ್ಯಾಂಪಲ್ ಬಾಟಲಿಗಳೆಲ್ಲ ಎಸ್.ಎಸ್. ಬಡಾವಣೆಯ ಮನೆ ಸೇರುತ್ತಿದ್ದವು. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಹಾಗೆ ಅವನ ಹೆಂಡತಿ ಉಮಾಮಹೇಶ್ವರಿ ಅವನ್ನೆಲ್ಲ ಮಗಳು ಅಂಕಿತಾಗೆ ಬಳಿಯುತ್ತಿದ್ದಳು. ಮಿಂದ ಮೇಲೆ ಲೋಷನ್ನು, ಅದರ ಮೇಲೆ ಪೌಡರು, ಶಾಲೆಗೆ ಹೊರಟಾಗ ಸೆಂಟು. ದೊಡ್ಡವರ ಸಾಮಾನು ಇಷ್ಟು ಸಣ್ಣ ಮೈಗೆ ಯಾಕೆ ಎಂದು ಒಂದು ದಿನವೂ ಅವಳಿಗೆ ಅನ್ನಿಸಲಿಲ್ಲ.

ಹರಿಹರದಿಂದ ಅತ್ತೆ ಹಾಲಮ್ಮ ಬಂದಾಗಲೆಲ್ಲ ಮೊಮ್ಮಗಳಿಗೆಂದು ಹೆಸರುಹಿಟ್ಟು, ಸೀಗೆಪುಡಿ ತರುತ್ತಿದ್ದರು. ಒಮ್ಮೆ ಮದುವೆಗೆ ಹೊರಟಾಗ ಉಮಾ, ಅಜ್ಜಿ ಹೆಸರುಹಿಟ್ಟು ಹಚ್ಚಿ ಎರೆದ ಮಗುವನ್ನು ಮೂಸಿ, ಹಳ್ಳಿ ವಾಸನೆ ಬಂದರೆ ಯಾರೂ ಪಕ್ಕ ಕೂರಿಸಿಕೊಳ್ಳಲ್ಲ ಎಂದು ಅತ್ತೆಯ ಎದುರಿಗೇ ನಕ್ಕಿದ್ದಳು. ಆಮೇಲೆ ಹಾಲಮ್ಮ ಬರಿಗೈಲಿ ಬರತೊಡಗಿದರು.

ಈ ಬೇಸಿಗೆಯಲ್ಲಿ, ಏಳು ತುಂಬಿದ ಅಂಕಿತಾಳ ಎದೆಯಲ್ಲಿ ಸಣ್ಣ ಗಂಟು ಕೈಗೆ ಹತ್ತಿತು. ವಯಸ್ಸಿಗೆ ಮುಂಚೆಯೇ ದೊಡ್ಡವಳಾಗುವ ಲಕ್ಷಣ ಎಂದರು ಡಾಕ್ಟರು. ಇಂಥದ್ದರಿಂದಲೇ ಎಂದು ಹೇಳಲಾಗದು, ಆದರೆ ಕೆಲವು ಕ್ರೀಮು, ಸೆಂಟುಗಳ ರಾಸಾಯನಿಕಗಳು ಹಾರ್ಮೋನಿನ ಲೆಕ್ಕ ತಪ್ಪಿಸುತ್ತವೆ, ಅವನ್ನು ಬಿಡಿಸಿ ನೋಡೋಣ ಎಂದರು. ಇದರಿಂದ ಅಲ್ಲ ಎಂದೂ ಅವರು ಹೇಳಲಿಲ್ಲವಲ್ಲ, ಅದೇ ಉಮಾಳನ್ನು ಕೊರೆಯಿತು. ತನ್ನ ಕೈಯಾರೆ ಬಳಿದಿದ್ದಳು.

ಬಾಟಲಿಗಳನ್ನೆಲ್ಲ ಕಸದ ಗಾಡಿಗೆ ಹಾಕಿ ಹರಿಹರದ ಬಸ್ಸು ಹತ್ತಿದಳು. ಅತ್ತೆ ನಾಲ್ಕು ಮಾತು ಅಂದಿದ್ದರೆ ಹಗುರಾಗುತ್ತಿತ್ತು. ಹಾಲಮ್ಮ ಏನೂ ಕೇಳದೆ ಒಣಗಿಸಿದ ಹೆಸರುಕಾಳನ್ನು ಗಿರಣಿಗೆ ಹಾಕಿಸಿ ತಂದು ಡಬ್ಬಿ ತುಂಬಿದರು.

"ಮಗಾ ಒಪ್ಪಿದ್ರೆ ಹಚ್ಚು," ಎಂದಷ್ಟೇ ಅಂದರು.

ಮಗು ಒಪ್ಪಲಿಲ್ಲ. ದಿನಾ ಅಳುತ್ತಲೇ ಎರೆಸಿಕೊಂಡಿತು. ರಜೆ ಮುಗಿದು ಶಾಲೆ ಶುರುವಾದ ಮೇಲೆ ಒಂದು ಸಂಜೆ, ಶಾಲೆಯಿಂದ ಬಂದವಳ ಯೂನಿಫಾರ್ಮಿನಲ್ಲಿ ಅದೇ ಸೆಂಟಿನ ಘಾಟು. ಕಸಕ್ಕೆ ಹೋಗಬೇಕಿದ್ದ ಬಾಟಲಿಯೊಂದು ಬ್ಯಾಗಿನ ತಳದಲ್ಲಿ ಅಡಗಿತ್ತು. ಉಮಾ ಹೊಡೆಯಲು ಕೈ ಎತ್ತಿದಳು.

"ಹಳ್ಳಿ ವಾಸ್ನೆ ಬಂದ್ರೆ ಯಾರೂ ಪಕ್ಕ ಕೂರ್ಸ್ಕಳಲ್ಲ ಅಂತ ನೀನೇ ಅಂದಿದ್ದಿ," ಎಂದಳು ಅಂಕಿತಾ.

ಎತ್ತಿದ ಕೈ ಇಳಿಯಿತು. ಬಾಟಲಿ ಎಸೆಯುವುದು ಸುಲಭವಿತ್ತು, ಆಡಿದ ಮಾತನ್ನು ಯಾವ ಗಾಡಿಗೆ ಹಾಕುವುದು?

"ನಾನ್ ಅಂದಿದ್ದು ತಪ್ಪವ್ವ," ಎಂದಳು ಉಮಾ.

ಮಗಳು ನಂಬಿದಂತೆ ಕಾಣಲಿಲ್ಲ. ಉಮಾ ಅವಳಿಗೆ ಹೆಸರುಹಿಟ್ಟು ಹಚ್ಚಿ, ಬಿಸಿನೀರು ಎರೆದು, ತಲೆ ಒರೆಸಿ ಊಟಕ್ಕೆ ಕರೆದಳು. ಅಂಕಿತಾ ಮುಂಗೈ ಮೂಸಿಕೊಂಡಳು. ದಿನಾ ಅಮ್ಮನ ತೊಡೆಗೆ ಅಂಟಿಕೊಂಡು ಕೂರುತ್ತಿದ್ದವಳು, ಅಮ್ಮನಿಗೆ ವಾಸನೆ ಬಡಿಯದಿರಲಿ ಎಂದು ತಟ್ಟೆ ಎತ್ತಿಕೊಂಡು ದೂರ ಹೋಗಿ ಕೂತಳು.