ಬಿತ್ತದ ಗುಡ್ಡ

"ಯಾರನ್ನ ಕೇಳಿ ಹುಲ್ಲು ಕೊಯ್ದೆ ನೀನು?"

ಅರ್ವೆಲಾ ಅಡುಗೆಮನೆಯ ಬಾಗಿಲಲ್ಲೇ ಮೈದುನನನ್ನು ತಡೆದಳು. ಕಿಟಕಿಯಾಚೆ, ಗುಡ್ಡದ ಮೇಲಿನ ಮನೆತನದ ಸಮಾಧಿಗಳವರೆಗೆ, ಎದೆಯೆತ್ತರದ ಹುಲ್ಲನ್ನು ಸೀಳಿಕೊಂಡು ಶವದ ಕಾರು ಹೋಗುವಷ್ಟು ಅಗಲದ ದಾರಿ ಬೋಳಾಗಿ ಬಿದ್ದಿತ್ತು.

"ಅಣ್ಣನ್ನ ಹೂಳೋಕೆ ಯಾರಪ್ಪಣೆ ಬೇಕು?" ವೆರ್ಲಿನ್ನನ ಬೂಟಿಗೆ ಇನ್ನೂ ಹಸಿರು ಮೆತ್ತಿತ್ತು. "ಸತ್ತ ನಾಯಿ ಥರ ಕಳೆಯೊಳಗೆ ಎಳ್ಕೊಂಡು ಹೋಗ್ಬೇಕಿತ್ತಾ?"

"ಇದು ಹಕ್ಕಿ ಮೊಟ್ಟೆ ಇಡೋ ತಿಂಗಳು. ಈಗ ಆ ಗುಡ್ಡಕ್ಕೆ ಯಂತ್ರ ಹಾಕಿದ್ರೆ ಸರ್ಕಾರ ಹಣ ನಿಲ್ಸತ್ತೆ. ಕೊಟ್ಟಿದ್ದನ್ನೂ ವಾಪಸ್ ಕೇಳತ್ತೆ. ನಾನು ಇನ್ಮೇಲೆ ಬದುಕೋದು ಅದೊಂದರ ಮೇಲೆ. ಗೊತ್ತಿಲ್ವಾ ನಿಂಗೆ?"

"ನಂಗೇನು ಗೊತ್ತು? ನಾನು ಬಿತ್ತಿ ತಿನ್ನೋನು. ಬಿತ್ತದೇ ಇರೋದಕ್ಕೆ ಸಂಬಳ ತಗೊಂಡೋನಲ್ಲ."

ಊಟಕ್ಕೆ ಹಂದಿಮಾಂಸ ಹೆಚ್ಚುತ್ತಿದ್ದ ಹೆಂಗಸರ ಚಾಕುಗಳು ನಿಂತವು. ಆಲೂಗಡ್ಡೆಯ ಬಟ್ಟಲು ಹಿಡಿದು ಬಂದಿದ್ದ ಜೋಲೀನ್ ತಲೆ ತಗ್ಗಿಸಿದಳು. ಕೌಂಟಿಯ ಕೃಷಿ ಕಚೇರಿಯಲ್ಲಿ ಆ ಹಣ ಮಂಜೂರು ಮಾಡುವವಳೇ ಅವಳು.

"ನಿಮ್ಮಣ್ಣ ಡೆಲ್ಮರ್ ಹೊರಗೆ ಶವದ ಕಾರಲ್ಲಿ ಮಲಗಿದಾನೆ," ಅಂದಳು ಅರ್ವೆಲಾ. "ಇವತ್ತಾದ್ರೂ ಆ ಮಾತು ಬಿಡು."

"ಬಿಡೋಕೇ ಬಂದಿದ್ದೆ ಅತ್ತಿಗೆ."

ಹೆಗಲು ಕೊಡುವವರು ಕೋಟಿಗೆ ಸಿಕ್ಕಿಸುವ ಬಿಳಿ ಹೂವನ್ನು ಕಿತ್ತು ಬ್ರೆಡ್ಡಿನ ಪಕ್ಕ ಇಟ್ಟು ಅವನು ಹೊರಟುಹೋದ.

*

ಆ ಗುಡ್ಡದ ಹುಲ್ಲು ಕಿತ್ತು ಮೊದಲು ನೇಗಿಲಿಟ್ಟವನು ಡೆಲ್ಮರ್, ವೆರ್ಲಿನ್ನರ ಅಪ್ಪ. ಮಕ್ಕಳ ಕಾಲಕ್ಕೆ ಕಾನ್ಸಾಸಿನ ಗಾಳಿ ಮೇಲಿನ ಮಣ್ಣನ್ನೆಲ್ಲ ಹೊತ್ತೊಯ್ದಿತ್ತು. ಗೋಧಿ ಮೊಣಕಾಲು ಮುಟ್ಟುತ್ತಿರಲಿಲ್ಲ. ಮಣ್ಣು, ಹಕ್ಕಿ ಉಳಿಯಲೆಂದು ಗುಡ್ಡವನ್ನು ಹುಲ್ಲಿಗೆ ಬಿಟ್ಟರೆ ವರ್ಷವರ್ಷ ಹಣ ಕೊಡುತ್ತೇವೆಂದು ಸರ್ಕಾರ ಹೇಳಿತು. ಡೆಲ್ಮರ್ ರುಜು ಹಾಕಿ ಬಂದ ದಿನ ವೆರ್ಲಿನ್ ಅಂಗಳದಲ್ಲಿ ಕಾಯುತ್ತಿದ್ದ.

"ಅಪ್ಪ ಕಿತ್ತ ಹುಲ್ಲನ್ನ ನೀನು ಬಿತ್ತೀಯಾ? ನಾಕು ಗುಬ್ಬಚ್ಚಿಗೋಸ್ಕರ?"

"ಗುಡ್ಡಕ್ಕೆ ಸುಸ್ತಾಗಿದೆ ಕಣೋ. ನಂಗೂ."

ಅಲ್ಲಿಂದಾಚೆ ಅಣ್ಣತಮ್ಮಂದಿರು ಒಂದೇ ಚರ್ಚಿನಲ್ಲಿ ಬೇರೆ ಬೇರೆ ಬೆಂಚಿನ ಮೇಲೆ ಕೂತು ಮುದುಕರಾದರು.

ಬಿತ್ತನೆ ಕಾಲ ಬಂದರೆ ಸಾಕು, ಡೆಲ್ಮರ್ ಹಳೇ ಪಿಕಪ್ ತೆಗೆದುಕೊಂಡು ಗುಡ್ಡದ ಬೇಲಿಯ ಹತ್ತಿರ ಹೋಗುತ್ತಿದ್ದ. ಅಕ್ಕಪಕ್ಕದವರ ಟ್ರಾಕ್ಟರು ಎಬ್ಬಿಸುವ ಧೂಳು ನೋಡುತ್ತ ಇಂಜಿನ್ ಆರಿಸಿ ಕೂರುತ್ತಿದ್ದ. ಮಧ್ಯಾಹ್ನ ಮನೆಗೆ ಬಂದು, "ಇವತ್ತೂ ಏನೂ ಮಾಡ್ಲಿಲ್ಲ," ಎಂದು ಚೊಕ್ಕಟವಾಗಿದ್ದ ಕೈಗಳನ್ನೇ ಸೋಪು ಹಚ್ಚಿ ಉಜ್ಜಿ ಉಜ್ಜಿ ತೊಳೆದು ಊಟಕ್ಕೆ ಕೂರುತ್ತಿದ್ದ.

*

"ನೋಡ್ಲಿಲ್ಲ ಅನ್ನೋಕಾಗಲ್ಲ ನಂಗೆ, ಅರ್ವೆಲಾ," ಅಂದಳು ಜೋಲೀನ್, ಶವದ ಕಾರಿನ ಹಿಂದೆ ನಡೆಯುತ್ತ.

"ಅನ್ನು ಅಂತ ನಾನೂ ಕೇಳ್ಲಿಲ್ಲ."

"ಸೋಮವಾರ ಕೊಯ್ದ ಜಾಗದ ಅಳತೆಗೆ ಬರ್ಬೇಕು."

"ಬಾ. ಕಾಫಿ ಇರತ್ತೆ."

ಹೊರಡುವಾಗ ವೆರ್ಲಿನ್ನನ ಪಿಕಪ್ ಇನ್ನೂ ಅಂಗಳದಲ್ಲೇ ಇತ್ತು. ಒಳಗೆ ಅವನು ಟೋಪಿ ಇಳಿಸಿಕೊಂಡು ಕೂತಿದ್ದ. ಹಿಂದಿನಿಂದ ಬಂದಾನು ಎಂದುಕೊಂಡು ಅರ್ವೆಲಾ ಆ ಬಿಳಿ ಹೂವನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

ಅರ್ಧ ಏರಿನಲ್ಲಿ ಕಾರು ನಿಧಾನವಾಯಿತು. ನೂಲು ಹಿಡಿದಂತೆ ನೆಟ್ಟಗೆ ಬಂದಿದ್ದ ದಾರಿ ಅಲ್ಲಿ ಪಕ್ಕಕ್ಕೆ ಉಬ್ಬಿ ಮತ್ತೆ ನೆಟ್ಟಗಾಗಿತ್ತು. ನಡುವೆ ಒಂದು ತೆಕ್ಕೆ ಹುಲ್ಲು ಕೊಯ್ಯದೆ ನಿಂತಿತ್ತು. ಚಕ್ರ ಹತ್ತದಿರಲೆಂದು ಪಕ್ಕದಲ್ಲೊಂದು ಗೂಟ ನೆಟ್ಟು ಅದಕ್ಕೆ ವೆರ್ಲಿನ್ನನ ಕೆಂಪು ಕರವಸ್ತ್ರ ಕಟ್ಟಿತ್ತು. ಬುಡದಲ್ಲಿ ಕಂದು ಹಕ್ಕಿಯೊಂದು ಮೊಟ್ಟೆಗಳ ಮೇಲೆ ಕದಲದೆ ಕೂತಿತ್ತು.

ಡ್ರೈವರ್ ಗೂಟವನ್ನು ಬಳಸಿಕೊಂಡು ಹೋದ. ಜೋಲೀನ್ ಗೂಟದ ಹತ್ತಿರವೇ ನಿಂತಳು.

ಅರ್ವೆಲಾ ತಿರುಗಿ ನೋಡಿದಳು. ಅಂಗಳ ಖಾಲಿಯಾಗಿತ್ತು. ಗೋಧಿ ಹೊಲಗಳಾಚೆ, ಸಮಾಧಿಗೆ ಬೆನ್ನುಹಾಕಿದ ಮಣ್ಣಿನ ರಸ್ತೆಯ ಮೇಲೆ ಒಂದು ಎಳೆ ಧೂಳು ದೂರ ದೂರ ಸರಿಯುತ್ತಿತ್ತು.