ಡಾಕ್ಟರ ಮುಂದೆ ಹೇಳದ ಮಾತು

ತಿರ್ಲಾಪುರದ ರೇವವ್ವನಿಗೆ ಸಕ್ಕರೆ ಕಾಯಿಲೆ. ಸರ್ಕಾರಿ ದವಾಖಾನೆಯಲ್ಲೂ ತೋರಿಸುತ್ತಿದ್ದಳು, ಹುಬ್ಬಳ್ಳಿಯ ಡಾಕ್ಟರಿಗೂ ತೋರಿಸುತ್ತಿದ್ದಳು. ಒಬ್ಬರು ಕೊಟ್ಟ ಗುಳಿಗೆಯ ಸುದ್ದಿ ಇನ್ನೊಬ್ಬರ ಮುಂದೆ ಎತ್ತುತ್ತಿರಲಿಲ್ಲ. ನಗಬೇಡಿ, ನಾವೂ ನೀವೂ ಹೀಗೆ ಮಾಡಿದವರೇ.

ದವಾಖಾನೆಗೆ ಆರು ತಿಂಗಳ ಹಿಂದೆ ಮಲ್ಲಿಕಾ ಎಂಬ ನರ್ಸ್ ಬಂದಿದ್ದರು. ಮನೆಮನೆಗೆ ಹೋಗಿ ರೋಗಿಗಳನ್ನು ನೋಡುವುದು, ಕಂಡದ್ದನ್ನು ಡಾಕ್ಟರು, ಆಶಾ ಕಾರ್ಯಕರ್ತೆ, ಔಷಧಿ ಕೊಡುವ ಬಾಷಾಸಾಬ ಎಲ್ಲರ ಜೊತೆ ಕೂತು ಮಾತಾಡುವುದು ಅವರ ಕೆಲಸ. ಪಗಾರ ಕೊಡುತ್ತಿದ್ದ ಸಂಸ್ಥೆ ಆ ತಿಂಗಳ ಕೊನೆಗೆ ಕೈಬಿಡಲಿತ್ತು. ಮುಂದೆ ಸರ್ಕಾರ ಕೊಡಲಿ ಎಂದು ಗ್ರಾಮಸಭೆಯಲ್ಲಿ ಠರಾವು ಆಗಬೇಕಿತ್ತು.

ರೇವವ್ವನ ಮಗ ಮಡಿವಾಳೆಪ್ಪ ಪಂಚಾಯಿತಿ ಮೆಂಬರ್. ಅವನೇ ಅಡ್ಡ ನಿಂತ.

“ಸೂಜಿ ಮಾಡಾಕ ಒಬ್ಬ ಸಿಸ್ಟರ್ ಅದಾರಲ್ರಿ. ಕೂತು ಮಾತಾಡಾಕ ಮತ್ತೊಬ್ಬರಿಗೆ ಪಗಾರ ಯಾಕ? ಅದರ ಬದಲಿ ಒಂದು ಚಲೋ ಮಷಿನ್ ಕೇಳೂಣು.”

ಸಭೆಗೆ ಎರಡು ದಿನ ಇದ್ದಾಗ, ಹತ್ತಿ ಬಿಡಿಸಲು ಹೋದ ರೇವವ್ವ ಮೈಯೆಲ್ಲ ಬೆವತು ಹೊಲದಲ್ಲೇ ಕುಸಿದಳು. ಓಡಿ ಬಂದ ಮಲ್ಲಿಕಾ ಬೆರಳು ಚುಚ್ಚಿ ನೋಡಿದರು. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಎಚ್ಚರವಿದ್ದ ಕಾರಣ ಸಕ್ಕರೆ ನೀರು ಕುಡಿಸಿ ದವಾಖಾನೆಗೆ ಕರೆತಂದರು.

“ಯವ್ವಾ, ನೀವು ನುಂಗೂ ಗುಳಿಗಿ ಎಲ್ಲಾ ತೋರಸ್ರಿ ನೋಡೂಣು,” ಎಂದು ಮಲ್ಲಿಕಾ ಪಕ್ಕದಲ್ಲಿ ಕೂತು ಕೇಳಿದರು.

ರೇವವ್ವ ಎಲೆಅಡಿಕೆ ಚೀಲದಿಂದ ಎರಡು ಬಗೆಯ ಗುಳಿಗೆ ತೆಗೆದಳು. ಬಾಷಾಸಾಬ ತಿರುವಿ ನೋಡಿ ಗಾಬರಿಯಾದರು.

“ಎರಡೂ ಒಂದ ಔಷಧ್ರಿ ಸಿಸ್ಟರ್. ಹೆಸರಷ್ಟ ಬ್ಯಾರೆ! ದುಪ್ಪಟ್ಟು ನುಂಗ್ಯಾರ, ಅದಕ್ಕ ಸಕ್ಕರಿ ಇಳದೈತಿ.”

ಡಾಕ್ಟರು ಒಂದನ್ನು ನಿಲ್ಲಿಸಿದರು, ಮರುದಿನದವರೆಗೆ ರೇವವ್ವನನ್ನು ಅಲ್ಲೇ ಉಳಿಸಿಕೊಂಡರು.

“ಡಾಕ್ಟರ ಮುಂದ ಯಾಕ ಹೇಳಲಿಲ್ಲ ಬೇ ಯವ್ವಾ?” ಸುದ್ದಿ ಕೇಳಿ ಓಡಿ ಬಂದ ಮಡಿವಾಳೆಪ್ಪ ಕೇಳಿದ.

“ಇನ್ನೊಬ್ಬರ ಕಡೆ ಹೋಗೇನಿ ಅಂತ ಹೆಂಗ ಹೇಳ್ಲಪಾ? ಸಿಟ್ಟಾಗತಾರ. ಈಕಿ ಬಾಜು ಕುಂತು ಕೇಳಿದ್ಲು, ತೋರಿಸಿದೆ.”

“ನನಗ ಸಿಟ್ಟಿಲ್ರಿ,” ಎಂದರು ಡಾಕ್ಟರು. “ಆದ್ರ ಮಂದಿ ಪಾಳಿ ಬಾಗಿಲ ಹೊರಗಿನತನಕ ಇರತೈತಿ. ಒಬ್ಬೊಬ್ಬರ ಚೀಲ ಬಿಚ್ಚಿಸಿ ನೋಡಾಕ ಪುರಸೊತ್ತ ಎಲ್ಲೈತಿ?”

ಮಡಿವಾಳೆಪ್ಪನಿಗೆ ತನ್ನ ಮಾತು ನೆನೆದು ನಾಚಿಕೆಯಾಯಿತು. ಗ್ರಾಮಸಭೆಯಲ್ಲಿ ಮೊದಲು ಎದ್ದವನೂ ಅವನೇ.

“ಮೊನ್ನೆ ಬ್ಯಾಡ ಅಂದಾಂವ ನಾನ. ತಪ್ಪಾತ್ರಿ. ನಾಲ್ಕು ಮಂದಿ ಕೂಡಿ ಮಾತಾಡಿದ್ದಕ್ಕ ನಮ್ಮವ್ವ ಉಳದಾಳ. ಠರಾವಿನಾಗ ನನ್ನ ಹೆಸರು ಮೊದಲ ಬರೀರಿ.”

ಠರಾವು ಪಾಸಾಗಿ ಜಿಲ್ಲೆಗೆ ಹೋಗಿದೆ. ಮಂಜೂರಿ ಇನ್ನೂ ಬಂದಿಲ್ಲ. ಒಂದೇ ಊರು ಕೇಳಿದರೆ ಸಾಲದು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಗ್ರಾಮಸಭೆಯಲ್ಲೂ ಇಂಥ ನರ್ಸಿಗಾಗಿ ಕೈ ಎತ್ತಿ. ಯಾವ ಗುಳಿಗೆಯನ್ನೂ ನೀವಾಗಿಯೇ ಬಿಡಬೇಡಿ, ಮೊದಲು ಡಾಕ್ಟರನ್ನು ಕೇಳಿ. ಇವತ್ತು ಮನೆಯಲ್ಲಿ ಹಿರಿಯರು ನುಂಗುವ ಗುಳಿಗೆಗಳನ್ನೆಲ್ಲ ಒಂದು ತಾಟಿನಲ್ಲಿ ಇಟ್ಟು ನೋಡಿ. ಯಾವುದು ಯಾತಕ್ಕೆ ಎಂದು ನಿಮಗೆ ಹೇಳಲು ಬರುತ್ತದೆಯೇ?