ಬೋಟಿನ ತಾಯಿಯ ಸ್ನಾನ

ಮೂವತ್ತೊಂದು ವರ್ಷ ಐಸ್ ಫ್ಯಾಕ್ಟರಿಯ ಅನ್ನ ತಿಂದ ಲಮೂನ್, ನಿವೃತ್ತಿಗೆ ಎರಡು ವರ್ಷವಿದ್ದಾಗ ಐಸೇ ಬೇಡವೆನ್ನಿಸುವ ಯಂತ್ರವೊಂದನ್ನು ಕಟ್ಟಿದಳು. ಸೊಂಗ್‌ಖ್ಲಾ ಬಂದರಿನ ಮೀನುದಕ್ಕೆಗೆಲ್ಲ ಅದೊಂದು ತಮಾಷೆಯಾಯಿತು. ಉಂಡ ಮನೆಗೆ ಎರಡು ಬಗೆಯುವ ಎಂಜಿನಿಯರಮ್ಮ ಎಂದು ಜೊತೆಯವರು ರೇಗಿಸಿದರೆ ಅವಳು ಕನ್ನಡಕ ಒರೆಸಿಕೊಳ್ಳುತ್ತ, "ಐಸ್ ಕರಗುತ್ತೆ ಕಣ್ರಪ್ಪ, ನನ್ನ ಹಟ ಕರಗಲ್ಲ" ಎನ್ನುತ್ತಿದ್ದಳು.

ಹಟ ಹಳೆಯದು. ಅವಳಿಗೆ ಹತ್ತು ವರ್ಷವಿದ್ದಾಗ, ಮೀನು ಸಿಗಲಿಲ್ಲವೆಂದು ಅಪ್ಪ ಕಡಲಲ್ಲಿ ಎರಡು ದಿನ ಹೆಚ್ಚು ನಿಂತಿದ್ದರು. ಕೊನೆಗೆ ಬಲೆ ತುಂಬ ಬಂಗುಡೆ ಬಿತ್ತು, ಆದರೆ ಅಷ್ಟರಲ್ಲಿ ಐಸ್ ನೀರಾಗಿತ್ತು. ದಕ್ಕೆಗೆ ಬಂದ ಅಪ್ಪ ಒಂದೊಂದು ಬುಟ್ಟಿಯಿಂದಲೂ ಒಂದು ಮೀನೆತ್ತಿ, ಕಿವಿರು ಬಿಡಿಸಿ ನೋಡಿ, ಬುಟ್ಟಿಯನ್ನು ನೀರಿಗೆ ಸುರಿದರು. ಕಡೆಯ ಬುಟ್ಟಿಯವರೆಗೂ ನೋಡುವುದನ್ನು ಬಿಡಲಿಲ್ಲ. ಒಂದರ ಕಿವಿರಾದರೂ ತಾಜಾ ಮೀನಿನದರಂತೆ ಕೆಂಪಗಿರಬಹುದೆಂಬ ಆಸೆ. ಆ ಆಸೆಯ ಮುಖ ಲಮೂನಳ ಮನಸ್ಸಿನಿಂದ ಎಂದೂ ಅಳಿಸಲಿಲ್ಲ.

ಅವಳ ಯಂತ್ರದ ಹೊಳಹು ಸರಳವಾದದ್ದು. ಬೋಟಿನ ಎಂಜಿನ್ ಹೊಗೆಯ ಕಾವು ಹೇಗೂ ಗಾಳಿಪಾಲು. ಅದೇ ಕಾವಿನಿಂದ ಅಮೋನಿಯ ಕುದಿಸಿ ತಂಪು ಹುಟ್ಟಿಸಿದರೆ, ಎಂಜಿನ್ ಓಡುವಷ್ಟು ದಿನ ಮೀನು ತಂಪಾಗಿರುತ್ತದೆ. ಮೀನುಕೋಣೆಯಿಂದ ಹೀರಿದ ಬಿಸಿಯನ್ನು ಎಲ್ಲಾದರೂ ಹೊರಗೆ ಬಿಡಬೇಕಲ್ಲ, ಅದಕ್ಕೆ ತೆಳು ತಗಡುಗಳ ಒಂದು ಜಾಲರಿ. ಜಾಲರಿಗೆ ಗಾಳಿ ಬೇಕು. ಗಾಳಿ ಚೆನ್ನಾಗಿ ಸಿಗುವುದು ಬೋಟಿನ ಮೂತಿಯಲ್ಲಿ.

ಮೂತಿ ಎಂದರೆ ಬೋಟಿನ ತಾಯಿ, ಬೋಟು ಕಾಯುವ ದೇವತೆ ಮೇ ಯಾ ನಾಂಗ್, ನೆಲೆಸಿರುವ ಜಾಗ. ಅಲ್ಲಿ ಯಾರೂ ಕಾಲಿಡುವುದಿಲ್ಲ, ಹೆಂಗಸರಂತೂ ಇಲ್ಲವೇ ಇಲ್ಲ. ಲಮೂನ್ ಬೇಯಿಸಿದ ಕೋಳಿ, ಹಣ್ಣು, ಊದುಕಡ್ಡಿ ಇಟ್ಟು ತಾಯಿಯ ಅಪ್ಪಣೆ ಕೇಳಿದಳು. ಬೋಟು ನಡೆಸುವ ತಂಡೇಲ ಸವಾತ್ ತನ್ನ ಆಳುಗಳಾದ ಕಲಾಸಿಗಳಿಂದ ಜಾಲರಿಯನ್ನು ಮೂತಿಯ ಕಂಬಕ್ಕೆ ಬಿಗಿಸಿದ.

"ಮೂರು ಸಲ ಕಡಲಿಗೆ ಹೋಗಿ ಬರ್ತೀನಿ ಅಕ್ಕ" ಎಂದಿದ್ದ ಸವಾತ್. "ಮೂರನೇದೂ ಕೆಟ್ರೆ ಬಿಚ್ಚಿ ಗುಜರಿಗೆ ಹಾಕ್ತೀನಿ. ಆಮೇಲೆ ನನ್ನ ಮೇಲೆ ಮುನಿಸ್ಕೋಬಾರದು."

ಮೊದಲ ಸಲ ಮೂರನೆಯ ದಿನ ಮೀನು ಕೆಟ್ಟಿತು. ಎರಡನೆಯ ಸಲ ಎರಡನೆಯ ದಿನವೇ. ಎರಡು ಸಲವೂ ಕಲಾಸಿಗಳು ಯಂತ್ರ ಬಿಚ್ಚಿ ತಂದು ಅವಳ ಅಂಗಳದಲ್ಲಿಟ್ಟರು, ಎರಡು ಸಲವೂ ಅದು ಅಲ್ಲಿ ಒಲೆಯ ಕಾವಿಗೆ ಏನೂ ಆಗದಂತೆ ತಣ್ಣಗೆ ಕೊರೆಯಿತು. ಲಮೂನ್ ಬೆಸುಗೆಗಳನ್ನು ಸೋಪುನೀರಲ್ಲಿ ಪರೀಕ್ಷಿಸಿದಳು. ಬೋಟು ವಾಲುವಂತೆ ಯಂತ್ರವನ್ನು ಹಲಗೆಯ ಮೇಲಿಟ್ಟು ವಾಲಿಸಿ ನೋಡಿದಳು. ಎಂಜಿನ್ ಹೊಗೆಯ ಕಾವನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಳೆದಳು. ತಪ್ಪೆಂಬುದು ಎಲ್ಲೋ ಅಡಗಿ ಕೂತು ತನ್ನನ್ನು ನೋಡಿ ನಗುತ್ತಿದೆ ಅನ್ನಿಸುತ್ತಿತ್ತು. ಸಿಟ್ಟು ಬರುತ್ತಿತ್ತು, ಆದರೆ ಸಿಟ್ಟಿಗಿಂತ ಕುತೂಹಲವೇ ಜಾಸ್ತಿ. ಅನ್ನ ಬಾಯಿಗಿಡುವಾಗಲೂ ಅದೇ ಯೋಚನೆ.

ತಲೆ ತಿನ್ನುತ್ತಿದ್ದುದು ಇನ್ನೊಂದು ಸಂಗತಿ. ಇದೇ ಅಳತೆಯ ಇನ್ನೊಂದು ಯಂತ್ರವನ್ನು ದೊಲೊ ಎಂಬ ಮುಸ್ಲಿಂ ತಂಡೇಲನ ಬೋಟಿಗೂ ಹಾಕಿದ್ದಳು. ಅದು ಎರಡು ತಿಂಗಳಿಂದ ಒಂದು ದಿನವೂ ಕೈಕೊಟ್ಟಿರಲಿಲ್ಲ.

"ನಿನ್ನ ಬೋಟಲ್ಲಿ ಅಂಥದ್ದೇನು ಮಾಡ್ತೀಯೋ ದೊಲೊ?"

"ಏನೂ ಮಾಡಲ್ಲ ಅಕ್ಕ. ಅದರ ಕಡೆ ತಿರುಗೂ ನೋಡಲ್ಲ. ನಮ್ಮ ಮನೆಯವಳು ನನ್ನನ್ನ ನೋಡ್ಕೊಳ್ಳೋ ಹಾಗೆ."

ಮೂರನೆಯ ಪಯಣದ ದಿನ ಬಂತು. ಬೆಳಕು ಹರಿಯುವ ಹೊತ್ತಿಗೆ ಲಮೂನ್ ದಕ್ಕೆಯಲ್ಲಿದ್ದಳು. ಕೈಯಲ್ಲಿ ಮಲ್ಲಿಗೆ ಮತ್ತು ಚೆಂಡುಹೂವಿನ ಮಾರುದ್ದದ ಮಾಲೆಗಳು ಆರು, ತಾಯಿಯ ಕಂಬಕ್ಕೆ ಸುತ್ತುವ ಐದು ಬಣ್ಣದ ಬಟ್ಟೆ ಒಂದು ಹೊರೆ. ಮೊದಲ ಸಲ ಒಂದು ಮಾಲೆ ಕೊಟ್ಟಿದ್ದಳು, ಸೋತಾಗ ಹೆದರಿ ಎರಡನೆಯ ಸಲ ಮೂರು ಕೊಟ್ಟಳು. ಈ ಸಲ ಹೂವಿನಂಗಡಿಯನ್ನೇ ಕೊಂಡಂತಿತ್ತು. ಕಲಾಸಿಗಳೂ ಕಡಿಮೆಯವರಲ್ಲ. ಮೂತಿಯಲ್ಲಿ ಕೂತದ್ದೆಲ್ಲ ತಾಯಿಯದೇ ಎಂಬ ಲೆಕ್ಕದಲ್ಲಿ ಅವರೂ ಒಬ್ಬೊಬ್ಬರು ಒಂದೊಂದು ಬಟ್ಟೆ ತಂದು ಜಾಲರಿಯ ಸುತ್ತ ಭಕ್ತಿಯಿಂದ ಸುತ್ತಿ ಬಿಗಿದರು.

ಪಕ್ಕದ ಬೋಟಿನಲ್ಲಿ ಬಲೆ ಸರಿಮಾಡುತ್ತಿದ್ದ ದೊಲೊ ತಲೆಯೆತ್ತಿದ.

"ಏನಕ್ಕ, ತಾಯಿಗೆ ಚಳಿಯಾ? ಕಂಬಳಿಯೊಂದು ಬಾಕಿ."

ಎಲ್ಲರೂ ನಕ್ಕರು. ಲಮೂನಳೂ ನಕ್ಕಳು. ನಗುತ್ತಲೇ ದೊಲೊನ ಬೋಟಿನ ಬೋಳು ಮೂತಿ ನೋಡಿದಳು. ಅಲ್ಲಿ ಜಾಲರಿಯ ತಗಡುಗಳು ಬೆಳಗಿನ ಗಾಳಿಗೆ ಸಣ್ಣಗೆ ಸಿಳ್ಳೆ ಹಾಕುತ್ತಿದ್ದವು. ಸವಾತನ ಮೂತಿಯ ಕಡೆ ತಿರುಗಿದಳು. ಅಲ್ಲಿ ತಗಡಿನ ಚೂರೂ ಕಾಣುತ್ತಿರಲಿಲ್ಲ.

ಅವಳ ನಗು ನಿಂತಿತು. ಒಂದು ಮಾಲೆ, ಮೂರನೆಯ ದಿನ. ಮೂರು ಮಾಲೆ, ಎರಡನೆಯ ದಿನ. ಯಂತ್ರ ಬಿಚ್ಚುವಾಗ ಕಲಾಸಿಗಳು ಹೂವು ಬಟ್ಟೆಯನ್ನೆಲ್ಲ ತಾಯಿಯ ಕಂಬದಲ್ಲೇ ಉಳಿಸಿ ಬರಿಮೈಯ ಜಾಲರಿ ತಂದು ಕೊಡುತ್ತಿದ್ದರು. ಅಂಗಳದಲ್ಲಿ ಅದು ಕೆಲಸ ಮಾಡದೆ ಇನ್ನೇನು? ಮೂವತ್ತೊಂದು ವರ್ಷ ಓದಿ, ಅಳೆದು, ಬರೆದುಕೊಂಡವಳು ತನ್ನ ಯಂತ್ರದ ಕುತ್ತಿಗೆಯನ್ನು ತಾನೇ ಕೈಯಾರೆ ಹಿಸುಕಿದ್ದಳು. ಹುಟ್ಟಿದಾಗಿನಿಂದ ಕಂಡ ಹೂವು ಕಣ್ಣಿಗೇ ಬಿದ್ದಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಸವಾತ್, ಅವನ್ನೆಲ್ಲ ಬಿಚ್ಚಿಸು. ಜಾಲರಿಗೆ ಉಸಿರು ಕಟ್ತಿದೆ."

ಸವಾತ್ ಅವಳನ್ನೇ ನೋಡಿದ. "ತಾಯಿ ಮೈಮೇಲಿನ ಬಟ್ಟೆ ಬಿಚ್ಚೋ ಗಂಡಸು ನನ್ನ ಬೋಟಲ್ಲಿಲ್ಲ ಅಕ್ಕ. ಬಿಚ್ಚಿದ್ರೆ ಇವರ್ಯಾರೂ ಹತ್ತಲ್ಲ, ನಾನೂ ಹತ್ತಲ್ಲ. ಬೇಕಾದ್ರೆ ಯಂತ್ರ ಈಗ್ಲೇ ಇಳಿಸಿ, ಐಸ್ ತುಂಬಿಸ್ಕೊಂಡು ಹೋಗ್ತೀನಿ."

ಅವನು ಹೇಳಿದ್ದು ಸುಳ್ಳಲ್ಲ. ಅವಳೇ ಆದರೂ ಹತ್ತುತ್ತಿರಲಿಲ್ಲ. ಎಂಜಿನ್ ಆಗಲೇ ಗುಡುಗುಡು ಅನ್ನುತ್ತಿತ್ತು. ಲಮೂನ್ ದಕ್ಕೆಯ ಕಲ್ಲಿನ ಮೇಲೆ ಕುಕ್ಕರಿಸಿದಳು. ಅಪ್ಪ ಬುಟ್ಟಿ ಸುರಿದದ್ದು ಇದೇ ಕಲ್ಲುಗಳ ಅಂಚಿನಲ್ಲಿ.

ಬಟ್ಟೆ ಇರಬೇಕು, ಬಿಸಿಯೂ ಹೋಗಬೇಕು. ಬಟ್ಟೆ ಸುತ್ತಿಯೂ ತಣ್ಣಗಿರುವಂಥದ್ದು ಯಾವುದು? ಯೋಚಿಸುತ್ತಿದ್ದವಳಿಗೆ ಮನೆಯ ಮುಂದೆ ದಾರಿಹೋಕರಿಗೆಂದು ಅಮ್ಮ ಇಡುತ್ತಿದ್ದ ನೀರಿನ ಹೂಜಿ ನೆನಪಾಯಿತು. ಬಿಸಿಲೇರಿದಂತೆ ಅಮ್ಮ ಅದಕ್ಕೆ ಹಳೆಯ ಬಟ್ಟೆ ಸುತ್ತಿ, ಹಾದುಹೋಗುವಾಗಲೆಲ್ಲ ಒಂದು ಚಿಪ್ಪು ನೀರು ಸುರಿಯುತ್ತಿದ್ದರು. ಗಾಳಿಗೆ ಬಟ್ಟೆ ಆರುತ್ತಿತ್ತು, ಆರುತ್ತ ಆರುತ್ತ ಹೂಜಿಯ ಬಿಸಿಯನ್ನು ಒಯ್ಯುತ್ತಿತ್ತು.

ಅವಳು ಎದ್ದಳು. "ಸವಾತ್, ಹೊಸ ವರ್ಷಕ್ಕೆ ತಾಯಿಗೆ ನೀರೆರೆಯಲ್ವಾ?"

"ಎರೀತೀವಿ. ಅದು ಏಪ್ರಿಲ್‌ನಲ್ಲಿ."

"ಈ ಸಲ ದಿನಾ ಎರೆಯಿರಿ. ಬಿಸಿಲಿರೋವರೆಗೂ ಬಟ್ಟೆ ಒಣಗೋಕೆ ಬಿಡಬಾರದು. ಉಪ್ಪುನೀರು ಬೇಡ, ತಗಡು ತಿಂದುಹಾಕುತ್ತೆ. ಐಸ್ ಒಯ್ಯೋಲ್ಲ ಅಂದ್ಮೇಲೆ ಜಾಗ ಇದೆಯಲ್ಲ, ಸಿಹಿನೀರಿನ ನಾಲ್ಕು ಡ್ರಮ್ಮು ಹಾಕ್ಕೋ. ತಾಯಿಗೂ ಸೆಕೆ ಆಗಲ್ವೇನೋ, ಇಷ್ಟೊಂದು ಹೊದ್ದಿಸಿದ್ದೀವಿ."

ಸವಾತ್ ಕಲಾಸಿಗಳ ಮುಖ ನೋಡಿದ. ಒಬ್ಬ ಹಿರಿಯ ಕಲಾಸಿ, "ಸ್ನಾನ ಮಾಡಿಸಿದ್ರೆ ತಪ್ಪೇನಿಲ್ಲ" ಎಂದ. ಡ್ರಮ್ಮುಗಳು ಬಂದವು. ಬೋಟು ಹೊರಟಿತು.

ನಾಲ್ಕು ದಿನ ಲಮೂನಳಿಗೆ ಅನ್ನ ಸೇರಲಿಲ್ಲ. ಲೆಕ್ಕ ಹಾಕಿದಳು, ಅಳಿಸಿದಳು, ಮತ್ತೆ ಹಾಕಿದಳು. ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಹಿಂದಿನ ಲೆಕ್ಕಗಳೂ ಸರಿಯಾಗಿಯೇ ಇದ್ದವು.

ಐದನೆಯ ದಿನ ಬೆಳಗ್ಗೆ ಬೋಟು ಬಂತು. ಸವಾತ್ ಒಂದು ಬುಟ್ಟಿ ಬಂಗುಡೆ ಎತ್ತಿ ಅವಳ ಕಾಲ ಬಳಿ ಇಟ್ಟ. ಮೊದಲ ದಿನದ್ದು, ಎಲ್ಲಕ್ಕಿಂತ ಅಡಿಯಲ್ಲಿದ್ದದ್ದು. ಲಮೂನ್ ಒಂದನ್ನು ಎತ್ತಿಕೊಂಡಳು. ಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ಕಿವಿರು ಬಿಡಿಸಿದಳು. ಕೆಂಪಗಿತ್ತು.

ಇನ್ನೊಂದು ಎತ್ತಿ ನೋಡಿದಳು. ಮತ್ತೊಂದು. ಬುಟ್ಟಿ ಮುಗಿಯುವವರೆಗೂ ಒಂದೊಂದನ್ನೇ ಎತ್ತಿ ನೋಡಿದಳು, ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಸಾಕು ಬಿಡಿ ಅಕ್ಕ, ಎಲ್ಲಾ ಚೆನ್ನಾಗೇ ಇದೆ" ಎಂದ ಸವಾತ್. "ಸ್ನಾನ ಮಾಡ್ಸೋಕೆ ನಾನು ತಾನು ಅಂತ ಜಗಳ ಆಡಿದ್ರು ನನ್ನ ಕಲಾಸಿಗಳು. ಮುಂದಿನ ಸಲಕ್ಕೂ ಡ್ರಮ್ಮು ಹಾಕಿಸ್ತೀನಿ."

ಲಮೂನ್ ತಲೆಯಾಡಿಸಿ ಮುಂದಿನ ಬುಟ್ಟಿಗೆ ಕೈ ಹಾಕಿದಳು.